ಹೊಳೆ ಎದ್ದು ಹೋಗುವ ಮುನ್ನ

ನಮ್ಮೂರಿನ ಮದುವೆಯ ಆಮಂತ್ರಣ ಪತ್ರಿಕೆಗಳ ಕೊನೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: 'ಹೊಳೆ ನಮ್ಮ ಓಣಿಗೆ ಬಂದಿದ್ದಲ್ಲಿ ದಯವಿಟ್ಟು ಹಿತ್ತಲ ಕಡೆಯಿಂದ ಬರಬೇಕು.' ಹೊರಗಿನವರು ಇದನ್ನು ಓದಿ ನಗುತ್ತಾರೆ. ನಮಗೆ ಅದು ಮುಹೂರ್ತದಷ್ಟೇ ಸಹಜ. ನಮ್ಮ ಹೊಳೆ ಒಂದೇ ಕಡೆ ಇರುವುದಿಲ್ಲ. ಕೆಲವು ವಾರ ಒಂದು ಓಣಿಯಲ್ಲಿ ಮಲಗಿರುತ್ತದೆ, ಆಮೇಲೆ ಎದ್ದು ಇನ್ನೊಂದು ಓಣಿಗೆ ಹೋಗುತ್ತದೆ. ಏಳುವುದು ಯಾವಾಗಲೂ ಮಧ್ಯಾಹ್ನ, ಊರು ಉಂಡು ಅಡ್ಡಾಗುವ ಹೊತ್ತಿಗೆ. ಹಾಗಾಗಿ ಅದು ಹೋಗುವುದನ್ನು ಕಣ್ಣಾರೆ ಕಂಡವರು ಕಡಿಮೆ. ನಿದ್ದೆಯಿಂದ ಎದ್ದು ಹೊರಗೆ ಬಂದರೆ ಓಣಿಯಲ್ಲಿ ಹಸಿ ಮರಳು, ದಾರಿ ತಪ್ಪಿದ ಒಂದೆರಡು ಏಡಿ, ಅಷ್ಟೇ.

ಇದಕ್ಕೆಲ್ಲ ನಾವು ಹೊಂದಿಕೊಂಡಿದ್ದೇವೆ. ಬಟ್ಟೆ ಒಗೆಯುವ ಕಲ್ಲುಗಳು ಕೈಗಾಡಿಯ ಮೇಲೆಯೇ ಇರುತ್ತವೆ. ದೋಣಿಗಳು ಮನೆಯ ತೊಲೆಗೆ ತೂಗುತ್ತವೆ. ಹೊಳೆ ಇಲ್ಲದ ದಿನಗಳಲ್ಲಿ ಅವುಗಳಲ್ಲಿ ಜೋಳ ತುಂಬಿಡುತ್ತೇವೆ. ಹೊಳೆಗೂ ನಮಗೂ ನಡುವೆ ಒಂದು ಮರ್ಯಾದೆಯಿದೆ. ಯಾರಾದರೂ ಕೊಡ ತುಂಬುತ್ತಿದ್ದರೆ ಹೊಳೆ ಏಳುವುದಿಲ್ಲ, ಅವರ ಕೊಡ ತುಂಬುವವರೆಗೆ ಕಾಯುತ್ತದೆ. ಅದು ನಮಗೆ ಇಷ್ಟು ಮರ್ಯಾದೆ ಕೊಡುವಾಗ ನಾವೂ ಕೊಡಬೇಕಲ್ಲ? ಆದ್ದರಿಂದ ಮಧ್ಯಾಹ್ನವಾಯಿತೆಂದರೆ ಯಾರೂ ನೀರಿಗೆ ಇಳಿಯುವುದಿಲ್ಲ. ಹೊರಟವರ ಸೆರಗು ಹಿಡಿದು ನಿಲ್ಲಿಸುವುದು ಒರಟುತನ ಎಂದು ನಮಗೆ ಚಿಕ್ಕಂದಿನಿಂದಲೇ ಕಲಿಸಿರುತ್ತಾರೆ.

ಹೊಂದಿಕೊಳ್ಳಲು ಆಗದೇ ಇದ್ದದ್ದು ಹೊಳೆಪಟ್ಟಿಗೆ. ಮನೆಪಟ್ಟಿ, ನೀರಪಟ್ಟಿಗಳ ಹಾಗೆ ಇದೂ ಪುರಸಭೆಯ ಒಂದು ತೆರಿಗೆ. ಹೊಳೆ ಯಾರ ಬಾಗಿಲಿಗೆ ಬರುತ್ತದೋ ಅವರಿಗೆ ಲಾಭ, ಆದ್ದರಿಂದ ಅವರು ತೆರಬೇಕು ಎಂಬುದು ಅದರ ತರ್ಕ. ತೆರುವವರೆಗೆ ಮನೆಯ ಮುಂಬಾಗಿಲನ್ನು ಕಳಚಿಕೊಂಡು ಹೋಗಿ ಪುರಸಭೆಯ ಪಡಸಾಲೆಯಲ್ಲಿ ಒತ್ತೆ ಇಡುತ್ತಾರೆ. ಬಾಗಿಲಿಲ್ಲದೆ ಎಷ್ಟು ದಿನ ಇರಲಾದೀತು? ಬಹಳ ಜನ ತೆತ್ತುಬಿಡುತ್ತಾರೆ. ತೆರದವರು ತೆರಿಗೆ ಕೋರ್ಟಿಗೆ ಅಪೀಲು ಹಾಕುತ್ತಾರೆ. ಅಪೀಲು ವಿಚಾರಣೆಗೆ ಬರುವ ಹೊತ್ತಿಗೆ ಹೊಳೆ ಎದ್ದು ಹೋಗಿರುತ್ತದೆ. ಹೊಳೆ ಹೋದರೆ ಅಂಥವರ ಪಟ್ಟಿಯೂ ರದ್ದು, ಬಾಗಿಲು ವಾಪಸ್ಸು.

ಆ ಅಪೀಲುಗಳನ್ನು ನಡೆಸುವ ವಕೀಲಳು ನಾನು. ಪರಸ್ಥಳದಲ್ಲಿ ಕಾನೂನು ಓದಿ, ಕರಿ ಕೋಟು ಹೊಲಿಸಿಕೊಂಡು ಈ ಊರಿಗೆ ಮರಳಿದ ಮೊದಲ ಹೆಣ್ಣುಮಗಳು. ಊರಿನವರು ನನ್ನನ್ನು ವಕೀಲಬಾಯಿ ಎನ್ನುತ್ತಾರೆ. ಇಂದುಮತಿ ಎಂಬ ಹೆಸರು ಬ್ಯಾಂಕಿನಲ್ಲಿ ಮಾತ್ರ ಉಳಿದಿದೆ. ಪುರಸಭೆಯ ಪರ ಗಲಗಲಿ ವಕೀಲರು. ನಾವಿಬ್ಬರೂ ಕೋಟಿಗೆ ಇಸ್ತ್ರಿ ಹಾಕಿಕೊಂಡು, ರಾಶಿ ಪುಸ್ತಕ ಹೊತ್ತುಕೊಂಡು ಕೋರ್ಟಿಗೆ ಹೋಗುತ್ತಿದ್ದೆವು. ನ್ಯಾಯಾಧೀಶರು ಕನ್ನಡಕ ಏರಿಸಿ, "ಹೊಳಿ ಅದ ಏನು?" ಎಂದು ಕೇಳುತ್ತಿದ್ದರು. "ಇಲ್ರಿ" ಎನ್ನುತ್ತಿದ್ದೆವು. "ವಿವಾದದ ವಿಷಯವೇ ಉಳಿದಿಲ್ಲವಾದ್ದರಿಂದ ಅಪೀಲು ವಜಾ" ಎಂದು ಅವರು ಬರೆಸುತ್ತಿದ್ದರು. ಆಮೇಲೆ ಗಲಗಲಿಯವರು ನನಗೆ ಕೋರ್ಟಿನ ಎದುರಿನ ಅಂಗಡಿಯಲ್ಲಿ ಚಹಾ ಕುಡಿಸುತ್ತಿದ್ದರು. "ಬಾಯಾರ, ಇವತ್ತ ಎಂಥಾ ಛಂದ ವಾದ ತಯಾರ ಮಾಡ್ಕೊಂಡು ಬಂದಿದ್ದೆ. ಒಂದ ಸರ್ತಿನೂ ಆಡ್ಲಿಕ್ಕೆ ಸಿಗಲಿಲ್ಲ ನೋಡ್ರಿ" ಎಂದು ಬಸಿಯಲ್ಲಿ ಚಹಾ ಆರಿಸುತ್ತ ಹೇಳುತ್ತಿದ್ದರು. ಅವರು ಗೆದ್ದವರೂ ಅಲ್ಲ, ನಾನು ಸೋತವಳೂ ಅಲ್ಲ. ಹಾಗೆಯೇ ಇಬ್ಬರ ಕೂದಲೂ ಬೆಳ್ಳಗಾದವು.

ಶಾವಿಗೆಯ ಫಕೀರವ್ವನ ಮನೆ ತಗ್ಗಿನ ಓಣಿಯಲ್ಲಿದೆ. ಹೊಳೆಗೆ ಆ ಹೊಸ್ತಿಲು ಯಾಕೋ ಇಷ್ಟ. ಬೇರೆಯವರ ಬಾಗಿಲಿಗೆ ಅಪರೂಪಕ್ಕೆ ಹೋದರೆ ಅವಳ ಬಾಗಿಲಿಗೆ ಮತ್ತೆ ಮತ್ತೆ ಬರುತ್ತದೆ. ಬಂದಾಗಲೆಲ್ಲ ಅವಳ ಹೊಟ್ಟೆಪಾಡಿನ ಕೆಲಸ ಕೆಡುತ್ತದೆ. ಹದವಾಗಿ ನಾದಿದ ಹಿಟ್ಟನ್ನು ಎಳೆಎಳೆಯಾಗಿ ಎಳೆದು, ಕೋಲಿಗೆ ಇಳಿಬಿಟ್ಟು, ಓಣಿಯ ಬಿಸಿಲಿನಲ್ಲಿ ಹಗ್ಗದ ಹೊರಸಿನ ಮೇಲೆ ಒಣಗಿಸಬೇಕು. ಓಣಿಯಲ್ಲಿ ಹೊಳೆ ಮಲಗಿದ್ದರೆ ಹೊರಸು ಎಲ್ಲಿ ಹಾಕುವುದು? ಒಳಗೆ ತೂಗುಹಾಕಿದರೆ ನೀರಿನ ಥಂಡಿಗೆ ಶಾವಿಗೆ ಒಣಗದೆ ಹುಳಿ ನಾರುತ್ತದೆ. ಹೊಳೆಯಿಂದ ತನಗೆ ಲಾಭವಿಲ್ಲ, ಹಾನಿಯೇ ಇದೆ ಎಂದು ಅವಳು ಮೂರು ಸಲ ಅಪೀಲು ಹಾಕಿದಳು. ಮೂರು ಸಲವೂ ಹೊಳೆ ಮೊದಲೇ ಎದ್ದು ಹೋಯಿತು, ಮೂರು ಸಲವೂ ವಜಾ.

ವಜಾ ಎಂದರೆ ಸೋಲಲ್ಲ ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಊರಿಗೆ ಅದು ಅರ್ಥವಾಗಲಿಲ್ಲ. ಕೋರ್ಟು ತಳ್ಳಿಹಾಕಿತು ಎಂದರೆ ಅವಳು ಹೇಳಿದ್ದು ಸುಳ್ಳಿರಬೇಕು ಎಂದು ಜನ ಆಡಿಕೊಂಡರು. ಅವಳಿಗೆ ವಜಾ ಫಕೀರವ್ವ ಎಂಬ ಹೆಸರು ಬಿತ್ತು. ಸಂತೆಯಲ್ಲಿ ಯಾರೋ, "ಶಾವಿಗಿ ಒಣಗ್ಯಾವೇನ ಬೇ, ಇಲ್ಲಾ ಇವೂ ವಜಾನ?" ಎಂದು ಕೇಳಿದ್ದನ್ನು ನಾನೇ ಕೇಳಿದ್ದೇನೆ. ಕೇಳಿದವರು ಕೆಟ್ಟವರಲ್ಲ. ನಮ್ಮೂರಲ್ಲಿ ನಗೆಗೆ ಸ್ವಲ್ಪ ಖಾರ ಹೆಚ್ಚು.

ಈ ಸಲ ಹೊಳೆ ಬಂದದ್ದು ಬೇಸಿಗೆಯ ಮೊದಲ ಬಿಸಿಲಿಗೆ, ಶಾವಿಗೆಯ ಕಾಲ ಆರಂಭವಾಗುವಾಗಲೇ. ಬಾಗಿಲು ಕಳಚಲು ಪುರಸಭೆಯ ಸಿಪಾಯಿ ದಾವಲಸಾಬ ಬಂದಾಗ ನಾನೂ ಅಲ್ಲಿದ್ದೆ. ಈ ಕೆಲಸವನ್ನು ಇಷ್ಟು ಮೆದುವಾಗಿ ಮಾಡುವ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ತಿರುಗಣಿಗೆ ಎಣ್ಣೆ ಬಿಟ್ಟು, ಬಾಗಿಲನ್ನು ಕಂಬಳಿಯಲ್ಲಿ ಸುತ್ತಿ, ನೆಲಕ್ಕೆ ತಾಗದಂತೆ ಎತ್ತಿದ. ಹೊರಡುವ ಮುಂಚೆ ಚೀಲದಿಂದ ಒಂದು ಪರದೆ ತೆಗೆದು ಚೌಕಟ್ಟಿಗೆ ಕಟ್ಟಿದ. ಹಳೆಯ ಸೀರೆಗಳ ತುಂಡು ಜೋಡಿಸಿ ಹೊಲಿದದ್ದು.

"ನಮ್ಮ ಮನ್ಯಾಕಿ ಹೊಲದಾಳ ಅವ್ವಾ. ಪುರಸಭೆದ್ದಲ್ಲ ಇದು" ಎಂದ.

"ಪುರಸಭೆದ್ದಾಗಿದ್ರ ಇಷ್ಟು ಛಂದ ಎಲ್ಲಿರ್ತಿತ್ತೋ ತಮ್ಮಾ" ಎಂದಳು ಫಕೀರವ್ವ.

ಅವನು ಹೋದ ಮೇಲೆ ಅವಳು ನನ್ನ ಎದುರು ಕುಳಿತಳು. ಹುಳಿ ಹಿಡಿದ ಶಾವಿಗೆಯ ಬುಟ್ಟಿ ಪಕ್ಕದಲ್ಲಿತ್ತು.

"ಮತ್ತ ಅಪೀಲ ಹಾಕ್ರಿ ವಕೀಲಬಾಯಾರ."

"ಹಾಕ್ತೀನಿ. ಆದ್ರ ಹೊಳಿ ಮತ್ತ ಎದ್ದು ಹೋದ್ರ?"

"ಬಾಗಲಾ ಬರತೈತಿ, ಅದು ನನಗೂ ಗೊತ್ತೈತ್ರಿ. ಬಾಗಲಾ ನಂಗ ಬ್ಯಾಡ. ನಾ ಸುಳ್ಳಿ ಅಲ್ಲ ಅಂತ ಆ ಕುರ್ಚಿ ಮ್ಯಾಲ ಕುಂತಾವ್ರು ಒಂದ ಮಾತ ಹೇಳ್ಬೇಕು. ಇಲ್ಲಾ, ಸುಳ್ಳಿ ಅದಾಳ ಅಂತ ಹೇಳ್ಲಿ. ಎರಡೂ ಹೇಳಲಿಲ್ಲಂದ್ರ ನಾ ಸತ್ತ ಮ್ಯಾಲೂ ಮಂದಿ ವಜಾ ಫಕೀರವ್ವನ ಮನಿ ಅಂತನ ಅಂತಾರ."

ನಾನು ಅಪೀಲು ಬರೆದೆ. ಈ ಸಲ ಅದೃಷ್ಟವೂ ಸ್ವಲ್ಪ ಒಲಿಯಿತು. ಬೇರೆ ಪ್ರಕರಣಗಳು ಮುಂದೂಡಿಕೆಯಾಗಿ ನಮ್ಮದು ಬೇಗ ವಿಚಾರಣೆಗೆ ಬಂತು. ಆದರೆ ಆ ದಿನ ಬೆಳಿಗ್ಗೆ ಕೋರ್ಟಿಗೆ ಹೊರಡುವ ಮುಂಚೆ ತಗ್ಗಿನ ಓಣಿಗೆ ಹೋಗಿ ನೋಡಿದೆ. ಬೆಳ್ಳಕ್ಕಿಗಳು ಪಕ್ಕದ ಓಣಿಯ ಮಾಳಿಗೆಗಳಿಗೆ ಹಾರಿ ಕುಳಿತಿದ್ದವು. ಮೀನುಗಳೆಲ್ಲ ತಲೆ ಅತ್ತ ಮಾಡಿದ್ದವು. ಅಂದು ಮಧ್ಯಾಹ್ನ ಹೊಳೆ ಏಳುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಓಣಿಯವರೂ ಅದನ್ನು ನೋಡಿದ್ದರು. ಫಕೀರವ್ವ ಯಾರನ್ನೂ ಏನೂ ಕೇಳಲಿಲ್ಲ. ಕೇಳುವ ಹೆಂಗಸಲ್ಲ ಅವಳು. ಒಂದು ಹಿಡಿ ಶಾವಿಗೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಪರದೆ ಸರಿಸಿ ನನ್ನ ಜೊತೆ ಹೊರಟಳು.

ಕೋರ್ಟಿನಲ್ಲಿ ನಮ್ಮನ್ನು ಕೂಗಿದಾಗ ಊಟದ ಹೊತ್ತು ಹತ್ತಿರವಾಗಿತ್ತು. ನ್ಯಾಯಾಧೀಶರಾದ ಇನಾಮತಿ ಸಾಹೇಬರು ಎಂದಿನಂತೆ ಕನ್ನಡಕ ಏರಿಸಿದರು.

"ಹೊಳಿ ಅದ ಏನು?"

"ಅದ್ರಿ" ಎಂದೆ.

ಅವರ ಲೇಖನಿ ನಿಂತಿತು. ಬೆರಳಚ್ಚಿನವನು ಅಭ್ಯಾಸಬಲದಿಂದ 'ವಿವಾದದ ವಿಷಯವೇ' ಎಂದು ಹೊಡೆದಾಗಿತ್ತು. ಆ ಹಾಳೆಯನ್ನು ಎಳೆದು ತೆಗೆದ. ಗಲಗಲಿಯವರು ಎದ್ದು ನಿಂತರು. ತಮ್ಮ ಪಕ್ಷಕ್ಕೆ ಮಾಡಬೇಕಾದ ಕೆಲಸವನ್ನು ಅವರು ಎಂದೂ ಅರ್ಧ ಮಾಡಿದವರಲ್ಲ.

"ಸ್ವಾಮಿ, ಈಗ ಅದ, ಖರೆ. ಆದ್ರ ಬೆಳ್ಳಕ್ಕಿ ಹಾರ್ಯಾವ. ಮೀನ ತಿರಿಗ್ಯಾವ. ಊಟ ಮುಗಿಸಿ ಬರೂದ್ರಾಗ ಹೊಳಿ ಇರೂದಿಲ್ಲ. ಊಟಾದ ಮ್ಯಾಲೆ ತಗೋಬೇಕು ಅಂತ ನನ್ನ ವಿನಂತಿ."

ಸಾಹೇಬರು ಗೋಡೆಯ ಗಡಿಯಾರ ನೋಡಿದರು. ಅವರಿಗೆ ಸಕ್ಕರೆ ಕಾಯಿಲೆ. ಹೊತ್ತಿಗೆ ಸರಿಯಾಗಿ ಉಣ್ಣಬೇಕು ಎಂಬುದು ಕೋರ್ಟಿನಲ್ಲಿ ಎಲ್ಲರಿಗೂ ಗೊತ್ತು. ಅವರ ಡಬ್ಬಿ ಆಗಲೇ ಬಂದು ಮೇಜಿನ ಕೆಳಗೆ ಕುಳಿತಿತ್ತು. ನಾನು ಕಾನೂನಿನ ಪುಸ್ತಕ ಮುಚ್ಚಿದೆ.

"ಸ್ವಾಮಿ, ಈಕಿ ನಾಕನೇ ಸರ್ತಿ ಬಂದಾಳ. ಒಂದ ಸರ್ತಿನೂ ಈಕಿ ಮಾತು ಯಾರೂ ಕೇಳಿಲ್ಲ" ಎಂದೆ.

ಸಾಹೇಬರು ಫಕೀರವ್ವನನ್ನು ನೋಡಿದರು. ಆಮೇಲೆ ಡಬ್ಬಿಯನ್ನು ತೆರೆದು, ಒಂದೇ ಒಂದು ಚಪಾತಿ ಸುತ್ತಿ ತೆಗೆದು, ಜುಬ್ಬದ ಜೇಬಿಗೆ ಇಟ್ಟುಕೊಂಡರು. "ಸ್ಥಳ ನೋಡೂಣು ನಡೀರಿ. ಕೋರ್ಟು ಅಲ್ಲೇ ಕೂಡ್ತದ" ಎಂದರು. ಬೆರಳಚ್ಚಿನವನು ಯಂತ್ರವನ್ನು ತಲೆಯ ಮೇಲೆ ಹೊತ್ತ. ಗಲಗಲಿಯವರು ಪುಸ್ತಕಗಳನ್ನು ಬಿಟ್ಟು ತಮ್ಮ ಊಟದ ಚೀಲವನ್ನು ಮಾತ್ರ ಹೆಗಲಿಗೆ ಹಾಕಿಕೊಂಡರು. ಹೀಗೆ ನಮ್ಮೂರಿನ ತೆರಿಗೆ ಕೋರ್ಟು ಬಿಸಿಲಿನಲ್ಲಿ ನಡೆದು ಹೊರಟಿತು.

ದಾರಿಯುದ್ದಕ್ಕೂ ನನಗೆ ಒಂದೇ ಚಿಂತೆ. ಊರು ಉಂಡು ಮಲಗುವ ಹೊತ್ತು. ಮೂಲೆ ತಿರುಗಿದರೆ ಹಸಿ ಮರಳು ಕಾಣುತ್ತದೋ ಏನೋ. ಫಕೀರವ್ವ ಬಟ್ಟೆಯ ಗಂಟನ್ನು ಎದೆಗೆ ಅವಚಿಕೊಂಡು ನಡೆಯುತ್ತಿದ್ದಳು.

ಮೂಲೆ ತಿರುಗಿದೆವು. ಹೊಳೆ ಇತ್ತು. ಹೊಳೆಯ ಜೊತೆಗೆ ಊರೂ ಇತ್ತು. ಹಿತ್ತಾಳೆ ಕೊಡ, ಪ್ಲಾಸ್ಟಿಕ್ ಕೊಡ, ಬಕೆಟ್ಟು, ಹಾಲಿನ ಕ್ಯಾನು ಹಿಡಿದ ಹೆಂಗಸರೂ ಗಂಡಸರೂ ಓಣಿಯ ತುದಿಯವರೆಗೆ ಸಾಲಾಗಿ ನಿಂತಿದ್ದರು. ಒಬ್ಬರು ತುಂಬಿ ಏಳುವ ಮೊದಲೇ ಇನ್ನೊಬ್ಬರು ಕೊಡ ಮುಳುಗಿಸುತ್ತಿದ್ದರು. ತುಂಬಿದವರು ಓಣಿಯ ಮೇಲಿನ ತುದಿಗೆ ಹೋಗಿ ನೀರನ್ನು ಮತ್ತೆ ಹೊಳೆಗೇ ಸುರಿದು, ಖಾಲಿ ಕೊಡ ಹಿಡಿದು ಸಾಲಿಗೆ ಮರಳುತ್ತಿದ್ದರು. ಹೊಳೆ ಅಂಚಿನಲ್ಲಿ ತೆಳ್ಳಗಾಗಿ, ಹೊರಡಲು ನಿಂತವರ ಹಾಗೆ ಒಂದು ಕಡೆ ವಾಲಿಕೊಂಡು, ಆದರೂ ಕಾಯುತ್ತಿತ್ತು. ಸಾಲಿನ ಮೊದಲಿಗೆ, ಪುರಸಭೆಯ ಖಾಕಿ ಅಂಗಿಯಲ್ಲಿ, ಮೊಣಕಾಲ ಮಟ ನೀರಿನಲ್ಲಿ ನಿಂತವನು ದಾವಲಸಾಬ. ಅವನೇ ಶುರುಮಾಡಿದ್ದು ಎಂದು ಆಮೇಲೆ ತಿಳಿಯಿತು.

ಫಕೀರವ್ವ ನಿಂತಲ್ಲೇ ನಿಂತಳು. ಆ ಸಾಲಿನಲ್ಲಿ ಅವಳಿಗೆ ಆ ಹೆಸರು ಇಟ್ಟವರೂ ಇದ್ದರು, ಸಂತೆಯಲ್ಲಿ ನಕ್ಕವರೂ ಇದ್ದರು. ಯಾರೂ ಅವಳ ಮುಖ ನೋಡಲಿಲ್ಲ. ಎಲ್ಲರೂ ತಮ್ಮ ತಮ್ಮ ಕೊಡಗಳನ್ನೇ ನೋಡುತ್ತಿದ್ದರು.

"ನಡು ಮಧ್ಯಾಹ್ನ ನೀರು ಯಾಕ ತುಂಬ್ತೀರಿ?" ಎಂದು ಸಾಹೇಬರು ದಾವಲಸಾಬನನ್ನು ಕೇಳಿದರು.

"ನೀರಡಕಿ ಆಗಿತ್ರಿ ಸಾಹೇಬ್ರ."

"ನಿಂದು?" ಎಂದು ಹಿಂದಿನವಳನ್ನು ಕೇಳಿದರು.

"ಎಮ್ಮಿ ಮೈ ತೊಳಿಬೇಕ್ರಿ."

"ನಿಮ್ಮ ಮನ್ಯಾಗ ಎಮ್ಮಿ ಅದ ಏನು?"

"ತರಬೇಕಂತ ಮಾಡೇವ್ರಿ."

ಸಾಲು ಕಿಸಕ್ಕೆಂದಿತು. ಗಲಗಲಿಯವರು ಗಂಟಲು ಸರಿಮಾಡಿಕೊಂಡರು. ಎಷ್ಟೋ ವರ್ಷ ಕೂಡಿಟ್ಟುಕೊಂಡಿದ್ದ ವಾದ ಅವರ ದನಿಯಲ್ಲಿ ಆಗ ಹೊರಬಂತು. ಬಿಸಿಲಿನಲ್ಲಿ, ಕೋಟಿನ ಗುಂಡಿ ಹಾಕಿಕೊಂಡು ಅವರು ವಾದಿಸಿದ್ದನ್ನು ನಾನು ಇಂದಿಗೂ ಮೆಚ್ಚುತ್ತೇನೆ. ತಾನಾಗಿ ಸಾಯಬೇಕಿದ್ದ ವಿವಾದವನ್ನು ಜನ ಕೊಡಗಳಿಂದ ಬದುಕಿಸಿ ಇಟ್ಟಿದ್ದಾರೆ, ಹೀಗೆ ಹಿಡಿದು ನಿಲ್ಲಿಸಿದ ವಿವಾದವನ್ನು ಕೋರ್ಟು ವಿವಾದವೆಂದು ಒಪ್ಪಬಾರದು ಎಂದರು. ಆಮೇಲೆ ಹೊಳೆಯಿಂದ ಆಗುವ ಲಾಭಗಳನ್ನು ಒಂದೊಂದಾಗಿ, ಹಾಡಿನ ಹಾಗೆ ಹೇಳಿದರು. ಸಾಲಿನಲ್ಲಿದ್ದವರೇ ತಲೆದೂಗಿದರು.

ನಾನು ಇಷ್ಟೇ ಅಂದೆ: "ಸ್ವಾಮಿ, ಎರಡು ಪಕ್ಷದ ನಡುವ ಮಾತ್ರ ಇದ್ದ ವಿವಾದ ಹೊಳಿ ಜೋಡಿ ಎದ್ದು ಹೋಗಬಹುದು. ಆದ್ರ ಇಷ್ಟು ಮಂದಿ ಊಟ ಬಿಟ್ಟು, ನಿದ್ದಿ ಬಿಟ್ಟು, ತಾವು ಕಲ್ತ ಮರ್ಯಾದಿನೂ ಬಿಟ್ಟು ಉತ್ತರ ಕೇಳ್ಲಿಕ್ಕೆ ನಿಂತಾರ. ಈ ಪ್ರಶ್ನೆ ಸತ್ತದ ಅಂತ ಹೆಂಗ ಅನ್ನೂದು? ಹೊಳಿ ಬರೂ ವರ್ಷ ಮತ್ತ ಇದ ಬಾಗಲಕ್ಕ ಬರ್ತದ."

ಸಾಹೇಬರು ಫಕೀರವ್ವನ ಕಡೆ ತಿರುಗಿ, "ನೀವು ಏನ್ ಹೇಳ್ತೀರವ್ವಾ?" ಎಂದರು. ನಾಲ್ಕು ಅಪೀಲುಗಳಲ್ಲಿ ಅವಳನ್ನು ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಗಂಟು ಬಿಚ್ಚಿ ಒಂದೆಳೆ ಶಾವಿಗೆ ತೆಗೆದು ಅವರ ಕೈಗೆ ಇಟ್ಟಳು.

"ಮುರೀರಿ" ಎಂದಳು.

ಅವರು ಮುರಿಯಲು ನೋಡಿದರು. ಅದು ಬಾಗಿತು. ಇನ್ನಷ್ಟು ಬಗ್ಗಿಸಿದರು, ಉಂಗುರದ ಹಾಗೆ ಬೆರಳಿಗೆ ಸುತ್ತಿಕೊಂಡಿತು. ಮೂಸಿ ನೋಡಿ ಮುಖ ಕಿವುಚಿದರು.

"ಎಳದು ವಾರ ಆತ್ರಿ. ಒಣಗಿದ್ದಾದ್ರ ಟಕ್ ಅಂತ ಮುರೀಬೇಕು. ಹೊಳಿ ಮಂದಿಗೆಲ್ಲ ಛಲೋನ. ನನಗೂ ಅದರ ಮ್ಯಾಲ ಸಿಟ್ಟಿಲ್ಲ, ಬರ್ಲಿ ಪಾಪ. ಅದು ಬಂದಾಗ ನನ್ನ ಒಲಿ ಆರತೈತಿ ಅಂದೆ. ಅದು ಖರೆನೋ ಸುಳ್ಳೋ, ಇಷ್ಟ ಹೇಳ್ರಿ."

ಸಾಹೇಬರು ಅವಳ ಮನೆಯ ಕಟ್ಟೆಯ ಮೇಲೆ ಕುಳಿತರು. ಬೆರಳಚ್ಚಿನವನು ಯಂತ್ರವನ್ನು ತೊಡೆಯ ಮೇಲೆ ಇಟ್ಟುಕೊಂಡ. ಜೇಬಿನ ಚಪಾತಿಯನ್ನು ಒಂದು ತುತ್ತು ಕಚ್ಚಿ ಸಾಹೇಬರು ತೀರ್ಪು ಹೇಳತೊಡಗಿದರು. ಹೊಳೆಪಟ್ಟಿ ಎನ್ನುವುದು ಹೊಳೆಯಿಂದ ಆಗುವ ಲಾಭಕ್ಕೆ ತೆರುವ ತೆರಿಗೆ. ಲಾಭವಾಯಿತೆಂದು ಪುರಸಭೆ ಊಹಿಸಿದರೆ ಸಾಲದು, ಹೋಗಿ ನೋಡಬೇಕು. ಈ ನ್ಯಾಯಾಲಯ ಹೋಗಿ ನೋಡಿದೆ. ಅಪೀಲುದಾರಳು ಮೊದಲಿನಿಂದಲೂ ಹೇಳುತ್ತ ಬಂದದ್ದು ಸತ್ಯವಾಗಿದೆ.

ಆ ಮಾತು ಕೇಳಿದ ಕೂಡಲೇ ಸಾಲು ಕಟ್ಟೆಯ ಕಡೆ ನುಗ್ಗಿತು. ಕೇಳುವ ಆಸೆಗೆ ಹಿಂದಿನವರು ಮುಂದೆ ಬಂದರು, ದಾವಲಸಾಬನೂ ತುಂಬಿದ ಕೊಡ ಹಿಡಿದು ಮೇಲೆ ಹತ್ತಿದ. ಆಗ ನೀರಿನಲ್ಲಿ ಯಾರೂ ಇಲ್ಲದ್ದು ನನ್ನ ಕಣ್ಣಿಗೆ ಬಿತ್ತು. ಹೊಳೆ ಒಮ್ಮೆ ಮೈ ನಡುಗಿಸಿತು. ಹೊಸ್ತಿಲಿನ ಅಂಚು ಬಿಟ್ಟು ಹಿಂದೆ ಸರಿಯತೊಡಗಿತು. ಆದೇಶದ ಕೊನೆಯ ಸಾಲು ಇನ್ನೂ ಬಾಕಿ ಇತ್ತು. ನಾನು ಓಡಬೇಕೆಂದುಕೊಂಡೆ, ಈ ಮೊಣಕಾಲುಗಳು ಎಲ್ಲಿ ಓಡುತ್ತವೆ?

ನೀರಿಗೆ ಎಲ್ಲರಿಗಿಂತ ಹತ್ತಿರ ನಿಂತಿದ್ದವರು ಗಲಗಲಿ ವಕೀಲರು. ಹೊಳೆ ಸರಿಯುವುದನ್ನು ಅವರೂ ನೋಡಿದರು. ಒಂದು ಮಾತು ಆಡಿದ್ದರೆ ಸಾಕಿತ್ತು: 'ಸ್ವಾಮಿ, ಹೊಳಿ ಎದ್ದದ.' ಅವರು ಆಡಲಿಲ್ಲ. ಊಟದ ಚೀಲದಿಂದ ತಮ್ಮ ತಾಮ್ರದ ತಂಬಿಗೆಯನ್ನು ತೆಗೆದರು. ಕರಿ ಕೋಟಿನ ಅಂಚು ಕೆಸರು ನೀರಿನಲ್ಲಿ ತೇಲುವಂತೆ ಕುಕ್ಕರಗಾಲಿನಲ್ಲಿ ಕುಳಿತು, ತಂಬಿಗೆಯ ಬಾಯನ್ನು ನೀರಿಗೆ ಹಿಡಿದರು. ಹೊಳೆ ನಿಂತಿತು. ಅಷ್ಟು ಸಣ್ಣ ತಂಬಿಗೆಯನ್ನು ಅಷ್ಟು ನಿಧಾನವಾಗಿ ಯಾರೂ ತುಂಬಿರಲಿಕ್ಕಿಲ್ಲ.

ಸಾಹೇಬರು ಅದನ್ನು ನೋಡಿದರು. ನೋಡಿ, ಕನ್ನಡಕ ತೆಗೆದು ಜುಬ್ಬದ ತುದಿಯಿಂದ ಒರೆಸಿ ಹಾಕಿಕೊಂಡರು. "ಆದ್ದರಿಂದ ಈ ಹೊಳೆಪಟ್ಟಿಯನ್ನು ರದ್ದುಪಡಿಸಿ, ಅಪೀಲನ್ನು ಮಂಜೂರು ಮಾಡಲಾಗಿದೆ" ಎಂದು ಮುಗಿಸಿದರು.

ಗಲಗಲಿಯವರು ತಂಬಿಗೆ ಎತ್ತಿ ಗಟಗಟನೆ ಕುಡಿದರು. ನಾನು ನೋಡುತ್ತಿರುವುದು ಕಂಡು, "ನೀರಡಕಿ ಆಗಿತ್ರಿ ಬಾಯಾರ" ಎಂದರು.

ಆಮೇಲೆ ಹೊಳೆ ಎದ್ದಿತು. ಚಾಪೆಯಿಂದ ಏಳುವ ಹೆಂಗಸು ನಿರಿಗೆ ಕೂಡಿಸಿಕೊಳ್ಳುವ ಹಾಗೆ ಎರಡೂ ದಡವನ್ನು ಮೆಲ್ಲಗೆ ಕೂಡಿಸಿಕೊಂಡು, ಮೀನುಗಳನ್ನು ಮಡಿಲಿಗೆ ಹಾಕಿಕೊಂಡು, ಪಕ್ಕದ ಓಣಿಯ ಕಡೆ ಹೊರಟಿತು. ಊರಿಗೆ ಊರೇ ಎಚ್ಚರವಿದ್ದು ಅದನ್ನು ನೋಡಿದ್ದು ಅಂದೇ. ಎಲ್ಲರೂ ಕೈಮುಗಿದು, ತಡೆದು ನಿಲ್ಲಿಸಿದ್ದಕ್ಕೆ ಅದರ ಕ್ಷಮೆ ಕೇಳಿದರು.

ಸಂಜೆಗೆ ದಾವಲಸಾಬ ಬಾಗಿಲು ಹೊತ್ತು ತಂದ. ಈ ಸಲ ಅದು ಹೊಳೆ ಹೋದದ್ದಕ್ಕೆ ಬಂದ ಬಾಗಿಲಲ್ಲ, ಕೋರ್ಟಿನ ಮಾತಿಗೆ ಬಂದ ಬಾಗಿಲು. ಅವನು ತಿರುಗಣಿಗೆ ಎಣ್ಣೆ ಬಿಡಲು ಹೋದಾಗ ಫಕೀರವ್ವ ತಡೆದಳು.

"ಈಗ ಬ್ಯಾಡೋ ತಮ್ಮಾ. ಪರದಿ ಛಂದ ಐತಿ, ಇನ್ನೊಂದೀಟ ದಿನಾ ಇರ್ಲಿ. ಬಾಗಲಾ ಇಲ್ಲೇ ಹಾಕು."

ಓಣಿಯ ನಡುವೆ ಎರಡು ಕಲ್ಲಿನ ಮೇಲೆ ಬಾಗಿಲನ್ನು ಅಡ್ಡ ಮಲಗಿಸಿದರು. ಮರುದಿನ ಬೆಳಿಗ್ಗೆ ಅವಳು ಹೊಸ ಹಿಟ್ಟು ನಾದಿ, ಎಳೆದ ಶಾವಿಗೆಯನ್ನೆಲ್ಲ ಆ ಬಾಗಿಲ ಮೇಲೆ ಹರಡಿದಳು. ಕೊಡ ಹಿಡಿದು ನಿಂತಿದ್ದ ಹೆಂಗಸರೇ ಕಾಗೆ ಓಡಿಸಲು ಬಂದು ಕುಳಿತರು. ಅದರ ಮರುದಿನ ಗಲಗಲಿಯವರು ಒಗೆದ ಕೋಟನ್ನು ತೋಳ ಮೇಲೆ ಹಾಕಿಕೊಂಡು ಅದೇ ದಾರಿಯಲ್ಲಿ ಬಂದರು. ಕೋರ್ಟಿಗೆ ಅದು ಸುತ್ತು ದಾರಿ ಎಂದು ನನಗೂ ಗೊತ್ತು, ಅವರಿಗೂ ಗೊತ್ತು. ಫಕೀರವ್ವ ಅವರನ್ನು ಕರೆದು, ಒಂದೆಳೆ ಎತ್ತಿ ಅವರ ಕಿವಿಯ ಹತ್ತಿರ ಹಿಡಿದು ಮುರಿದಳು. ಆ ಟಕ್ ಎಂಬ ಸದ್ದು ಓಣಿಯ ಈ ತುದಿಯಲ್ಲಿ ಕುಳಿತ ನನಗೂ ಕೇಳಿಸಿತು.